ಮೈ ಇಳಿಸುವ ಮದ್ದು

ಬೊಜ್ಜನ್ನು ಕರಗಿಸುವ ಮದ್ದು ಸಿಕ್ಕೀತೇ ಎಂಬ ಹಂಬಲ ಇಂದಿನದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ಹಳದಿ ಪುಡಿಯ ನಡುವೆ ದುಡಿದ ಕೆಲಸಗಾರರು ಬೆವರಿ ಬೆವರಿ ಸೊರಗಿದರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಅದನ್ನೇ ಸ್ಥೂಲಕಾಯರಿಗೆ ಕೊಟ್ಟು ನೋಡಿದರು. ತೂಕವೇನೋ ಇಳಿಯಿತು. ತಿಂದ ಅನ್ನ ಶಕ್ತಿಯಾಗದೆ ಬರಿಯ ಶಾಖವಾಗಿ ಸುಟ್ಟುಹೋಗುವಂತೆ ಮಾಡುವ ವಸ್ತು ಅದು. ವೈದ್ಯರ ಚೀಟಿಯಿಲ್ಲದೆ ಅಂಗಡಿಗಳಲ್ಲಿ ದೊರೆಯತೊಡಗಿದ ಮೇಲೆ, ನುಂಗಿದವರಲ್ಲಿ ಕೆಲವರಿಗೆ ಕಣ್ಣಿನ ಪೊರೆ ಬಂದು ದೃಷ್ಟಿ ಹೋಯಿತು. ಕೆಲವರು ಮೈ ತಾಪವೇರಿ ಸತ್ತರು. 1938ರಲ್ಲಿ ಅಮೆರಿಕ ಅದನ್ನು ತಡೆಯಿತು. ಮುಂದೆ ಬಂದ ಫೆನ್‌ಫ್ಲೂರಮೀನ್ ಹೃದಯದ ಕವಾಟಗಳನ್ನು ಕೆಡಿಸಿ 1997ರಲ್ಲಿ ಮಾರುಕಟ್ಟೆ ಬಿಟ್ಟಿತು.

ಈಗಿನ ಮದ್ದಿನ ಜಾತಿಯೇ ಬೇರೆ. ಉಂಡಾಗ ನಮ್ಮ ಕರುಳು ಜಿ.ಎಲ್.ಪಿ.-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಜಠರ ಬರಿದಾಗುವುದನ್ನು ನಿಧಾನಗೊಳಿಸಿ, ‘ಸಾಕು’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಆದರೆ ರಕ್ತದಲ್ಲಿ ಅದರ ಆಯುಸ್ಸು ಕೆಲವೇ ನಿಮಿಷ. 1992ರಲ್ಲಿ ನ್ಯೂಯಾರ್ಕಿನ ಜಾನ್ ಎಂಗ್ ಎಂಬ ವೈದ್ಯರು ಅಮೆರಿಕದ ಮರುಭೂಮಿಯ ಗಿಲಾ ಹಲ್ಲಿಯ ವಿಷದಲ್ಲಿ, ಇದನ್ನೇ ಹೋಲುವ, ಆದರೆ ಬೇಗ ನಾಶವಾಗದ ಪದಾರ್ಥವೊಂದನ್ನು ಕಂಡರು. (ಹಲ್ಲಿಯ ಶಕುನ ನೋಡುವ ನಮಗೆ ಇದು ಶುಭವೋ ಅಶುಭವೋ!) ಅದರಿಂದ 2005ರಲ್ಲಿ ಸಕ್ಕರೆ ಕಾಯಿಲೆಗೆ ಚುಚ್ಚುಮದ್ದಾಯಿತು. ಆಮೇಲೆ ಮನುಷ್ಯನ ಹಾರ್ಮೋನನ್ನೇ ತುಸು ತಿದ್ದಿ, ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಲುವ ಸೆಮಾಗ್ಲುಟೈಡನ್ನು ಮಾಡಿದರು. ತೂಕ ಇಳಿಸಲೆಂದೇ ಅದು ಭಾರತಕ್ಕೆ 2025ರಲ್ಲಿ ಬಂದಿತು.

ಗುಣ ಎಷ್ಟು? 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರಗಳಿಗೆ ತೂಕ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ಆದರೆ ನಿಲ್ಲಿಸಿದವರಲ್ಲಿ, ಇಳಿದದ್ದರ ಮೂರರಲ್ಲಿ ಎರಡು ಪಾಲು ಒಂದೇ ವರುಷದಲ್ಲಿ ಹಿಂದಿರುಗಿತು. ಹಸಿವನ್ನು ಇದು ತಡೆದಿಟ್ಟಿರುತ್ತದೆಯೇ ಹೊರತು ನಿರ್ಮೂಲ ಮಾಡುವುದಿಲ್ಲ. ರಕ್ತದೊತ್ತಡದ ಗುಳಿಗೆಯಂತೆ ಬಹುಕಾಲ ನಡೆಸಬೇಕಾದ ಚಿಕಿತ್ಸೆ ಇದು. ಮದುವೆಗೆ ಮುಂಚೆ ನಾಲ್ಕು ಕಿಲೋ ಇಳಿಸುವ ಉಪಾಯವಲ್ಲ. ಕೊಬ್ಬಿನೊಡನೆ ಮಾಂಸಖಂಡವೂ ಕರಗುವುದರಿಂದ ಬೇಳೆ, ಮೊಟ್ಟೆ, ಮೊಸರು ಕಡಿಮೆಯಾಗಕೂಡದು, ವ್ಯಾಯಾಮವೂ ತಪ್ಪಕೂಡದು.

ಸಾಮಾನ್ಯವಾಗಿ 160 ಸೆಂಟಿಮೀಟರ್ ಎತ್ತರದವರು ಸುಮಾರು 77 ಕಿಲೋ ಮೀರಿದರೆ, ಸಕ್ಕರೆ ಕಾಯಿಲೆಯಂಥ ತೊಡಕಿದ್ದರೆ 69 ಕಿಲೋ ಮುಟ್ಟಿದರೆ, ವೈದ್ಯರು ಇದನ್ನು ಯೋಚಿಸುವುದುಂಟು. ಓಕರಿಕೆ, ವಾಂತಿ, ಮಲಬದ್ಧತೆ ಹೆಚ್ಚಾಗಬಾರದೆಂದು ಸಣ್ಣ ಪ್ರಮಾಣದಿಂದ ತೊಡಗಿ ತಿಂಗಳಿಗೊಮ್ಮೆ ಏರಿಸುತ್ತಾರೆ. ಮನೆತನದಲ್ಲಿ ಥೈರಾಯ್ಡಿನ ಕ್ಯಾನ್ಸರ್ ಇದ್ದರೆ, ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತವಾಗಿದ್ದರೆ ಅವರಿಗೆ ಮೊದಲೇ ತಿಳಿಸಬೇಕು. ಮಗು ಬೇಕೆನ್ನುವ ಹೆಂಗಸರು ಕನಿಷ್ಠ ಎರಡು ತಿಂಗಳು ಮುಂಚೆಯೇ ಇದನ್ನು ನಿಲ್ಲಿಸಬೇಕು.