ಮೂಗಿನ ನಡುಗೋಡೆಯ ಶಸ್ತ್ರಚಿಕಿತ್ಸೆಯ ನಂತರದ ನೋವು: ಸಾರ್ವಜನಿಕರಿಗೆ ಮಾಹಿತಿ

ಮೂಗಿನ ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ಗೋಡೆಯು ಮುಂಭಾಗದಲ್ಲಿ ಮೃದ್ವಸ್ಥಿಯಿಂದಲೂ ಹಿಂಭಾಗದಲ್ಲಿ ಮೂಳೆಯಿಂದಲೂ ರಚಿತವಾಗಿದೆ. ಇದು ಒಂದು ಬದಿಗೆ ವಾಲಿ ಉಸಿರಾಟಕ್ಕೆ ಅಡ್ಡಿಯಾದಾಗ ಶಸ್ತ್ರಚಿಕಿತ್ಸೆಯ ಮೂಲಕ ಸರಿಪಡಿಸಲಾಗುತ್ತದೆ. ಇದಕ್ಕೆ ಸೆಪ್ಟೋಪ್ಲಾಸ್ಟಿ ಎಂದು ಹೆಸರು. ಹೊಳ್ಳೆಯ ಒಳಗಿನಿಂದಲೇ ನಡೆಸುವುದರಿಂದ ಸಾಮಾನ್ಯವಾಗಿ ಮುಖದ ಮೇಲೆ ಗಾಯದ ಗುರುತು ಉಳಿಯುವುದಿಲ್ಲ.

ನೋವಿನ ಸ್ವರೂಪ

ಬಹುತೇಕ ರೋಗಿಗಳಲ್ಲಿ ನೋವು ಸೌಮ್ಯ ಅಥವಾ ಮಧ್ಯಮ ಪ್ರಮಾಣದ್ದಾಗಿರುತ್ತದೆ. ಮೊದಲ 2-3 ದಿನಗಳಲ್ಲಿ ಹೆಚ್ಚಾಗಿದ್ದು, ಅನಂತರ ದಿನೇ ದಿನೇ ಇಳಿಯುತ್ತದೆ. ಮೂಗಿನ ತುದಿ ಮುಟ್ಟಿದರೆ ನೋಯುವುದು, ಹಣೆ ಭಾರವಾಗುವುದು, ಬಾಯಿಯಿಂದ ಉಸಿರಾಡುವುದರಿಂದ ಗಂಟಲು ಒಣಗುವುದು ಸಾಮಾನ್ಯ. ಮೇಲಿನ ಮುಂಭಾಗದ ಹಲ್ಲುಗಳು ಮರಗಟ್ಟಿದಂತೆ ಅನಿಸಬಹುದು. ಆ ಭಾಗಕ್ಕೆ ಸಂವೇದನೆ ನೀಡುವ ನರವು ನಡುಗೋಡೆಯ ಮೇಲೆಯೇ ಹಾದುಹೋಗುವುದು ಇದಕ್ಕೆ ಕಾರಣ. ಈ ಮರಗಟ್ಟುವಿಕೆಯು ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ.

ಮೂಗಿನೊಳಗೆ ಪ್ಯಾಕ್ ಇರಿಸಿದ್ದಲ್ಲಿ ಒತ್ತಡದ ನೋವು ಹೆಚ್ಚು. ಇದನ್ನು ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ತೆಗೆಯಲಾಗುತ್ತದೆ. ತೆಗೆಯುವಾಗ ಕ್ಷಣಕಾಲ ನೋವಾಗಬಹುದು. ಪ್ಯಾಕನ್ನು ರೋಗಿಯು ತಾನೇ ಎಳೆದು ತೆಗೆಯಬಾರದು.

ನೋವಿನ ಶಮನಕ್ಕೆ

1. ವೈದ್ಯರು ಬರೆದುಕೊಟ್ಟ ನೋವು ನಿವಾರಕವನ್ನು ಮೊದಲ ಕೆಲವು ದಿನ ನಿಗದಿತ ವೇಳೆಗೆ ಸೇವಿಸಬೇಕು. ನೋವು ತಡೆಯಲಾಗದಷ್ಟು ಹೆಚ್ಚುವವರೆಗೆ ಕಾಯುವುದು ಸೂಕ್ತವಲ್ಲ.
2. ವಯಸ್ಕರು 24 ಗಂಟೆಗಳಲ್ಲಿ ಸೇವಿಸುವ ಪ್ಯಾರಾಸಿಟಮಾಲ್ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ ಹಾಗೂ ತೂಕ ಕಡಿಮೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಅನೇಕ ನೆಗಡಿ ಮಾತ್ರೆಗಳಲ್ಲಿಯೂ ಇದೇ ಔಷಧ ಇರುವುದನ್ನು ಗಮನಿಸಬೇಕು.
3. ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ತಲೆನೋವಿಗೆಂದು ಅಂಗಡಿಯಿಂದ ತಂದು ಸೇವಿಸಬಾರದು. ಹೃದ್ರೋಗಕ್ಕಾಗಿ ಅದನ್ನು ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.
4. ಎರಡು ದಿಂಬುಗಳನ್ನಿಟ್ಟು ತಲೆ ಎತ್ತರಿಸಿ ಮಲಗುವುದರಿಂದ ಊತ ಮತ್ತು ಒತ್ತಡ ತಗ್ಗುತ್ತವೆ.
5. ವೈದ್ಯರು ಅನುಮತಿಸುವವರೆಗೆ ಸಿಂಬಳವನ್ನು ಬಲವಾಗಿ ಸೀಟಬಾರದು, ಭಾರ ಎತ್ತಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು.
6. ಉಪ್ಪುನೀರಿನ ದ್ರಾವಣವನ್ನು ಸೂಚಿಸಿದಂತೆ ಬಳಸಬೇಕು. ಒಣಗಿದ ರಕ್ತದ ಹೆಕ್ಕಳೆಯನ್ನು ಬೆರಳಿನಿಂದ ಕೀಳಬಾರದು.
7. ನಶ್ಯ, ಬೀಡಿ, ಸಿಗರೇಟುಗಳನ್ನು ಸಂಪೂರ್ಣವಾಗಿ ವರ್ಜಿಸಬೇಕು. ಮೂಗಿಗೆ ಎಣ್ಣೆ ಅಥವಾ ಯಾವುದೇ ರಸವನ್ನು ಸ್ವತಃ ಬಿಡಬಾರದು.

ತಕ್ಷಣ ಆಸ್ಪತ್ರೆಗೆ ತೆರಳಬೇಕಾದ ಸಂದರ್ಭಗಳು

ಇಳಿಯುತ್ತಿದ್ದ ನೋವು ಮತ್ತೆ ಏರತೊಡಗುವುದು ಅತಿ ಮುಖ್ಯವಾದ ಎಚ್ಚರಿಕೆಯ ಚಿಹ್ನೆ. ನೋವು ಹೆಚ್ಚುವುದರ ಜೊತೆಗೆ ಹೊಳ್ಳೆಗಳು ಸಂಪೂರ್ಣ ಕಟ್ಟಿಕೊಂಡರೆ ನಡುಗೋಡೆಯಲ್ಲಿ ರಕ್ತ ಅಥವಾ ಕೀವು ಶೇಖರವಾಗಿರಬಹುದು. ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಅದು ಹೊದಿಕೆಯ ಪೊರೆಯಿಂದ ಪೋಷಣೆ ಪಡೆಯುತ್ತದೆ. ಶೇಖರವಾದ ರಕ್ತವು ಪೊರೆಯನ್ನು ಬೇರ್ಪಡಿಸಿದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ನಶಿಸಿ ಮೂಗು ಕುಸಿಯುವ ಸಂಭವವಿದೆ. ಸಕಾಲದಲ್ಲಿ ಹೊರತೆಗೆದರೆ ಈ ಹಾನಿಯನ್ನು ತಡೆಯಬಹುದು.

ಕೆಳಗಿನ ಲಕ್ಷಣಗಳಿದ್ದರೂ ವಿಳಂಬ ಮಾಡಬಾರದು:

• ಮೂಗಿನ ಮೃದು ಭಾಗವನ್ನು 15 ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ
• ಚಳಿಜ್ವರ, ಕೀವು ಅಥವಾ ದುರ್ವಾಸನೆಯ ಸ್ರಾವ
• ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಅಥವಾ ಮೂಗಿನಿಂದ ತಿಳಿನೀರಿನಂತಹ ಸ್ರಾವ
• ಅಧಿಕ ಜ್ವರದೊಂದಿಗೆ ವಾಂತಿ, ಭೇದಿ, ಚರ್ಮದ ಮೇಲೆ ಕೆಂಪು ದದ್ದು, ತಲೆಸುತ್ತು
• ದೃಷ್ಟಿಯಲ್ಲಿ ವ್ಯತ್ಯಾಸ

ತುರ್ತು ಸಂದರ್ಭದಲ್ಲಿ 108 ಆಂಬ್ಯುಲೆನ್ಸ್ ಸೇವೆಯನ್ನು ಕರೆಯಬಹುದು.

ಬಿಡುಗಡೆಗೆ ಮುನ್ನ

ರೋಗಿ ಅಥವಾ ಜೊತೆಯಲ್ಲಿರುವವರು ಬಿಡುಗಡೆ ಪತ್ರ, ಔಷಧ ಚೀಟಿ ಮತ್ತು ಮರುಪರೀಕ್ಷೆಯ ದಿನಾಂಕವನ್ನು ಪಡೆದುಕೊಳ್ಳತಕ್ಕದ್ದು. ಪ್ಯಾಕ್ ಅಥವಾ ಸ್ಪ್ಲಿಂಟ್ ಇರಿಸಿದ್ದಲ್ಲಿ ಅದನ್ನು ತೆಗೆಯುವ ದಿನವನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳಬೇಕು. ದೂರದ ಗ್ರಾಮಗಳವರು ತೊಂದರೆಯಾದಲ್ಲಿ ರಾತ್ರಿ ವೇಳೆ ಸಂಪರ್ಕಿಸಬೇಕಾದ ಸಮೀಪದ ಆಸ್ಪತ್ರೆ ಯಾವುದೆಂಬುದನ್ನು ಮುಂಚಿತವಾಗಿ ಕೇಳಿ ತಿಳಿದಿರುವುದು ಒಳಿತು. ಮರುಪರೀಕ್ಷೆಗೆ ಬರುವಾಗ ಈ ದಾಖಲೆಗಳನ್ನು ತಪ್ಪದೆ ತರಬೇಕು.