ಪರರು ತಯಾರಿಸಿದ ಯಂತ್ರ, ತಂತ್ರಾಂಶದ ದೋಷ ಮತ್ತು ಕಂಪನಿಯ ಹೊಣೆ

ಅಂಗಡಿಯಲ್ಲಿ ನಾವು ಕೊಳ್ಳುವ ಕಾವಲು ಕ್ಯಾಮೆರಾದ ಮೇಲೆ ಒಂದು ಕಂಪನಿಯ ಹೆಸರಿರುತ್ತದೆ. ಅದನ್ನು ಜೋಡಿಸಿದ ಕಾರ್ಖಾನೆ ಬೇರೆ; ಅದನ್ನು ನಡೆಸುವ ತಂತ್ರಾಂಶವನ್ನು ಬರೆದವರು ಮತ್ತೊಬ್ಬರು. ಆ ತಂತ್ರಾಂಶದಲ್ಲಿ ದೋಷ ಕಂಡುಬಂದರೆ ತಿದ್ದುವ ಹೊಣೆ ಯಾರದು? ಈ ಪ್ರಶ್ನೆ ಹೊಸದೆಂದು ತೋರಬಹುದು. ಆದರೆ ಇದರ ಬೇರು ತಂತ್ರಾಂಶಕ್ಕಿಂತ ಹಳೆಯದು.

ಅಮೆರಿಕದಲ್ಲಿ ಮ್ಯಾಕ್‌ಫರ್ಸನ್ ಎಂಬಾತನು ವ್ಯಾಪಾರಿಯೊಬ್ಬನಿಂದ ಬ್ಯೂಕ್ ಮೋಟಾರು ಕಾರನ್ನು ಕೊಂಡಿದ್ದನು. ಅದರ ಒಂದು ಚಕ್ರದ ಮರ ಕಳಪೆಯದಾಗಿದ್ದು, ಚಲಿಸುವಾಗ ಮುರಿದು, ಆತನು ಕೆಳಕ್ಕೆ ಬಿದ್ದು ಗಾಯಗೊಂಡನು. ಚಕ್ರವನ್ನು ಬ್ಯೂಕ್ ಕಂಪನಿ ತಾನು ತಯಾರಿಸದೆ ಬೇರೊಬ್ಬರಿಂದ ಕೊಂಡಿತ್ತು. 1916ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯವು, ಬೆಂಜಮಿನ್ ಕಾರ್ಡೋಜೊ ಅವರು ಬರೆದ ತೀರ್ಪಿನಲ್ಲಿ, ಬ್ಯೂಕ್ ಕಂಪನಿಯನ್ನೇ ಹೊಣೆಗಾರನೆಂದು ನಿರ್ಣಯಿಸಿತು. ಬಿಡಿಭಾಗವು ಹೊರಗಿನಿಂದ ಬಂದ ಮಾತ್ರಕ್ಕೆ ಪರೀಕ್ಷಿಸುವ ಕರ್ತವ್ಯ ತಪ್ಪುವುದಿಲ್ಲ ಎಂಬುದು ಅದರ ಸಾರ.

ಚಕ್ರಕ್ಕೂ ತಂತ್ರಾಂಶಕ್ಕೂ ಒಂದು ಮುಖ್ಯ ಭೇದವುಂಟು. ಚಕ್ರದ ದೋಷವನ್ನು ಮಾರುವ ಮೊದಲೇ ಪರೀಕ್ಷಿಸಿ ಕಾಣಬಹುದು. ತಂತ್ರಾಂಶದ ದೋಷವಾದರೋ ಅನೇಕ ವೇಳೆ ಮಾರಾಟವಾದ ವರ್ಷಗಳ ಮೇಲೆ ಬೆಳಕಿಗೆ ಬರುತ್ತದೆ. ಆದಕಾರಣ ಇಲ್ಲಿ ಕರ್ತವ್ಯವು ಪರೀಕ್ಷೆಯೊಡನೆ ಮುಗಿಯದೆ ಬಳಕೆಯ ಕಾಲದುದ್ದಕ್ಕೂ ಸಾಗಬೇಕಾಗುತ್ತದೆ.

ಇದಕ್ಕೆ 2016ರ ಘಟನೆಯೊಂದು ನಿದರ್ಶನ. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಡೈನ್ ಎಂಬ ಅಂತರಜಾಲ ಸಂಸ್ಥೆಯ ಮೇಲೆ ದಾಳಿ ನಡೆದು, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಕೆಲವು ಗಂಟೆಗಳ ಕಾಲ ಅನೇಕರಿಗೆ ದೊರೆಯದೆ ಹೋದವು. 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಎಲ್ಲರಿಗೂ ತಿಳಿದ ಪಾಸ್‌ವರ್ಡುಗಳನ್ನು ಬಳಸಿ ಮನೆಮನೆಯ ಕ್ಯಾಮೆರಾ, ಚಿತ್ರಮುದ್ರಕ ಯಂತ್ರಗಳನ್ನು ವಶಪಡಿಸಿಕೊಂಡಿತ್ತು. ಅವುಗಳಲ್ಲಿ ಹಲವಕ್ಕೆ ಚೀನಾದ ಶಿಯೊಂಗ್‌ಮಾಯ್ ಕಂಪನಿಯು ಒಳಭಾಗಗಳನ್ನು ಒದಗಿಸಿದ್ದಿತು. ಅಮೆರಿಕದಲ್ಲಿ ಮಾರಾಟವಾದ ಕೆಲವು ಸರಕುಗಳನ್ನು ಹಿಂದಕ್ಕೆ ಪಡೆಯುವುದಾಗಿ ಅದು ಪ್ರಕಟಿಸಿತು. ಆದರೆ ಪೆಟ್ಟಿಗೆಯ ಮೇಲೆ ಬೇರೆಯವರ ಹೆಸರಿದ್ದಾಗ, ತನ್ನ ಯಂತ್ರವೂ ಅದರಲ್ಲಿ ಸೇರಿದೆಯೆಂದು ಕೊಂಡವನು ತಿಳಿಯುವ ಬಗೆ ಹೇಗೆ?

ಶಾಸನಗಳು ಈಗ ಇದಕ್ಕೆ ಉತ್ತರವನ್ನು ಕೊಡತೊಡಗಿವೆ. ಪರರು ತಯಾರಿಸಿದ ವಸ್ತುವಿನ ಮೇಲೆ ತನ್ನ ಗುರುತನ್ನು ಹಾಕುವವನನ್ನೂ ಭಾರತದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ತಯಾರಕನೆಂದೇ ಎಣಿಸುತ್ತದೆ. ಆದರೆ ಅಲ್ಲಿನ ಹೊಣೆ ಹಾನಿಗೆ ಪರಿಹಾರ ಕೊಡುವುದು; ಇಂತಿಷ್ಟು ಕಾಲ ತಂತ್ರಾಂಶವನ್ನು ತಿದ್ದಿಕೊಡಬೇಕೆಂಬ ಅವಧಿಯನ್ನು ಅದು ಗೊತ್ತುಮಾಡಿಲ್ಲ. ಯುರೋಪಿನ ಒಕ್ಕೂಟವು 2024ರಲ್ಲಿ ಮಾಡಿದ ಶಾಸನವು ಒಂದು ಹೆಜ್ಜೆ ಮುಂದಿದೆ. ಹೆಸರು ಹಾಕಿದವನೇ ತಯಾರಕನೆಂದು ಹೇಳಿ, ವಸ್ತುವಿನ ಬಳಕೆಯ ಕಾಲ ಅದಕ್ಕಿಂತ ಕಡಿಮೆಯಲ್ಲದಿದ್ದಲ್ಲಿ, ಕನಿಷ್ಠ 5 ವರ್ಷ ಭದ್ರತೆಯ ದೋಷಗಳನ್ನು ನಿವಾರಿಸಬೇಕೆಂದು ಅದು ವಿಧಿಸುತ್ತದೆ. ಅದರ ಮುಖ್ಯ ವಿಧಿಗಳು ಅನ್ವಯವಾಗುವ ದಿನಾಂಕ 2027ರ ಡಿಸೆಂಬರ್ 11.

ಆದರೂ ಶಾಸನವೊಂದೇ ಸಾಲದು. ಮೂಲ ಬರಹವು ಕೈಯಲ್ಲಿಲ್ಲದ ಕಂಪನಿಗೆ ಮನಸ್ಸಿದ್ದರೂ ತಿದ್ದುವ ಶಕ್ತಿಯಿರದು. ಅದನ್ನು ಬರೆದ ಸಂಸ್ಥೆ ಮುಚ್ಚಿಹೋಗಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಕೆಲಸವನ್ನು ಪರರಿಗೆ ವಹಿಸುವ ಕರಾರಿನಲ್ಲಿಯೇ ಮೂಲ ಬರಹವನ್ನು ಪಡೆಯುವ ಹಕ್ಕು, ತಿದ್ದುಪಡಿಯ ಅವಧಿ, ಅದರ ವೆಚ್ಚ ಇವು ನಿಶ್ಚಯವಾಗಬೇಕು. ಇವನ್ನು ಮೊದಲೇ ಗೊತ್ತುಮಾಡಿಕೊಳ್ಳದ ಕಂಪನಿಯು ತಾನು ನೆರವೇರಿಸಲಾರದ ಹೊಣೆಗೆ ತನ್ನ ಹೆಸರನ್ನು ಒತ್ತೆಯಿಟ್ಟಂತೆಯೇ ಸರಿ.