ಪೇಪರ್ ಎಷ್ಟು ಅಂತ ಎಣಿಸೋ ಮುಂಚೆ...

ಪಿಎಚ್.ಡಿ. ಮಾಡೋ ಆಸೆ ಇದ್ದವರು ಗೈಡ್ ಹೆಸರನ್ನು ಮೊದಲು ಹುಡುಕೋದು ಗೂಗಲ್ ಸ್ಕಾಲರ್‌ನಲ್ಲಿ. ಅಲ್ಲಿರೋ ಅಂಕಿ ದೊಡ್ಡದಿದ್ದರೆ 'ಅಬ್ಬಾ!', ಚಿಕ್ಕದಿದ್ದರೆ ಮುಂದಿನ ಹೆಸರು. ನಾಲ್ಕೈದು ವರ್ಷ ಯಾರ ಜತೆ ದುಡಿಯಬೇಕು ಅನ್ನೋದನ್ನು ಇಷ್ಟರಲ್ಲೇ ನಿರ್ಧರಿಸಬಹುದಾ?

ಆ ಪುಟದಲ್ಲಿ ಕಾಣುವ ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಒಬ್ಬರ 10 ಪ್ರಬಂಧಗಳನ್ನು ಬೇರೆಯವರು ತಲಾ 10 ಸಲವಾದರೂ ಉಲ್ಲೇಖಿಸಿದ್ದರೆ ಅವರ ಇಂಡೆಕ್ಸ್ ಕನಿಷ್ಠ 10. ಒಂದೇ ಪ್ರಬಂಧ ಇಡೀ ಜಗತ್ತನ್ನು ಬದಲಿಸಿದರೂ ಈ ಲೆಕ್ಕದಲ್ಲಿ ಅದು ಬರೀ ಒಂದು!

ಅಂಥ ಪ್ರಬಂಧಗಳೂ ಇವೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ನೆಟ್‌ವರ್ಕ್ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ದೂರ ಅರ್ಧ ಕಿಲೋಮೀಟರ್ ಕೂಡ ಇರಲಿಲ್ಲ. ಯಾಕೆ ಹೀಗಾಯ್ತು ಅಂತ ಬೆನ್ನು ಹತ್ತಿದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಉತ್ತರ ಬರೆದರು: ದಟ್ಟಣೆ ಕಂಡರೆ ಕಳಿಸುವ ಕಂಪ್ಯೂಟರೇ ವೇಗ ತಗ್ಗಿಸಬೇಕು. ಇಂಟರ್ನೆಟ್ ಇವತ್ತಿಗೂ ಆ ಯೋಚನೆಯನ್ನು ಬಿಟ್ಟಿಲ್ಲ.

ಕೃತಕ ಬುದ್ಧಿಮತ್ತೆಯಲ್ಲಿ ಜೆಫ್ರಿ ಹಿಂಟನ್ ಅವರ ಪಟ್ಟಿ ನೋಡಿ. ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುವ ವಿಧಾನದ ಬಗ್ಗೆ ಇಬ್ಬರು ಸಹೋದ್ಯೋಗಿಗಳ ಜತೆ ಬರೆದ ಪ್ರಸಿದ್ಧ ಪ್ರಬಂಧ 1986ರದ್ದು. ಆಮೇಲೆ ಆ ದಾರಿಯ ಬಗ್ಗೆ ಬಹಳ ಜನರಿಗೆ ಆಸಕ್ತಿಯೇ ಹೋಯಿತು. ಹಿಂಟನ್ ಮಾತ್ರ ಬಿಡಲಿಲ್ಲ. 2012ರಲ್ಲಿ 'ಅಲೆಕ್ಸ್‌ನೆಟ್' ಚಿತ್ರ ಗುರುತಿಸುವ ಸ್ಪರ್ಧೆಯನ್ನು ಗೆದ್ದಾಗ ಎಲ್ಲರೂ ತಿರುಗಿ ನೋಡಿದರು. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಕೂಡ ಬಂತು.

ಅಲೆಕ್ಸ್‌ನೆಟ್ ಪ್ರಬಂಧದಲ್ಲಿ ಇನ್ನೊಂದು ಸಂಗತಿ ಇದೆ. ಮೊದಲ ಹೆಸರು ವಿದ್ಯಾರ್ಥಿ ಅಲೆಕ್ಸ್ ಕ್ರಿಜೆವ್‌ಸ್ಕಿಯದ್ದು, ಗುರುವಿನ ಹೆಸರು ಕೊನೆಯಲ್ಲಿ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರ ಹೆಸರೇ ಮುಂದೆ ಇರುತ್ತೆ.

ಹಾಗಾಗಿ ಒಟ್ಟು ಸಂಖ್ಯೆ ನೋಡಿ ಬೆರಗಾಗೋ ಮುಂಚೆ ಮೂರು ವಿಷಯ ಗಮನಿಸಿ. ಒಂದೇ ಪ್ರಶ್ನೆಯನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿದ್ದಾರಾ? ಪ್ರಬಂಧ ಎಲ್ಲಿ ಬಂದಿದೆ? ಕಂಪ್ಯೂಟರ್ ವಿಜ್ಞಾನದಲ್ಲಿ ಸಿಗ್‌ಕಾಮ್, ನ್ಯೂರಿಪ್ಸ್‌ನಂಥ ಸಮ್ಮೇಳನಗಳಿಗೆ ಜರ್ನಲ್‌ಗಳಷ್ಟೇ ತೂಕ ಇದೆ. ಕೊನೆಯದಾಗಿ, ಶಿಷ್ಯರ ಹೆಸರು ಮುಂದಿದೆಯಾ? ಇದ್ದರೆ ಅವರಲ್ಲೊಬ್ಬರ ಜತೆ ಹತ್ತು ನಿಮಿಷ ಮಾತಾಡಿ. ಯಾವ ಇಂಡೆಕ್ಸೂ ಹೇಳದ ಮಾತು ಅಲ್ಲಿ ಸಿಗುತ್ತೆ.